ಎಕ್ಸಿಮಾ, ಸೋರಿಯಾಸಿಸ್ ಎರಡೂ ಇರುವ ನಾನು 3 ತಿಂಗಳು ಹಚ್ಚಿದ ಸೆರಮೈಡ್ ಕ್ರೀಮ್

ನನಗೆ ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ), ಮೊಣಕಾಲಿನ ಮೇಲೆ ಸೋರಿಯಾಸಿಸ್ (ಕೆಂಪು ಕಲೆಯ ಮೇಲೆ ಹೊಟ್ಟು ಏಳುವ ಕಾಯಿಲೆ). ಎರಡೂ ಒಬ್ಬರಿಗೇ ಬರಬಹುದು ಅಂತ ಗೊತ್ತೇ ಇರಲಿಲ್ಲ. ಚರ್ಮದ ಡಾಕ್ಟರ್ ಸ್ಟೀರಾಯ್ಡ್ ಮುಲಾಮಿನ ಜೊತೆ ವಾಸನೆ ಇಲ್ಲದ ಈ ಕ್ರೀಮನ್ನೂ ಬರೆದುಕೊಟ್ಟರು.

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಸತ್ತ ಜೀವಕೋಶಗಳು ಇಟ್ಟಿಗೆ. ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು), ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲ ಸೇರಿದ್ದು ಗಾರೆ. ಗಾರೆ ಉದುರಿದರೆ ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಸೋಪು, ಧೂಳು, ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತವೆ, ಉರಿಯೂತ ಶುರುವಾಗುತ್ತದೆ, ಆ ಉರಿಯೂತವೇ ಗೋಡೆಯನ್ನು ಮತ್ತಷ್ಟು ಕೆಡಿಸುತ್ತದೆ. ತುರಿಸಿದರಂತೂ ಇನ್ನೂ ಜಾಸ್ತಿ. ಈ ಗೋಡೆ ಕಟ್ಟಲು ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ದೋಷಕ್ಕೂ ಎಕ್ಸಿಮಾಗೂ ನಂಟಿದೆ ಎಂದು 2006ರಲ್ಲಿ ತಿಳಿಯಿತು. ಸೋರಿಯಾಸಿಸ್‌ನಲ್ಲಿ ತಿಂಗಳು ಹಿಡಿಯಬೇಕಾದ ಜೀವಕೋಶಗಳ ಬೆಳವಣಿಗೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ಹಾಗಾಗಿ ಪದರ ದಪ್ಪವಾದರೂ ಗಟ್ಟಿಯಾಗಿರುವುದಿಲ್ಲ. ಕಾರಣ ಬೇರೆ ಬೇರೆ, ಕೆಡುವುದು ಮಾತ್ರ ಅದೇ ಗೋಡೆ ಅಲ್ವಾ? ಆ ಗಾರೆಗೆ ನೆರವಾಗಲೆಂದೇ ಈ ಸೆರಮೈಡ್ ಕ್ರೀಮ್.

ಕ್ರೀಮ್ ಗಟ್ಟಿಯಾಗಿದೆ, ಸ್ವಲ್ಪ ಜಿಡ್ಡು. ಬಿರುಕು ಬಿಟ್ಟ ಕಡೆ ಮೊದಲ ವಾರ ಚುರುಚುರು ಅಂದಿತು. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ಹಚ್ಚಲು ಶುರು ಮಾಡಿದ ಮೇಲೆ ವ್ಯತ್ಯಾಸ ಚೆನ್ನಾಗಿ ಕಂಡಿತು. ರಾತ್ರಿ ತುರಿಕೆಗೆ ಎಚ್ಚರವಾಗುವುದು ತುಂಬಾ ಕಡಿಮೆಯಾಗಿದೆ, ಇದೇ ನನಗೆ ದೊಡ್ಡ ಸಮಾಧಾನ. ಮೊಣಕಾಲಿನ ಹೊಟ್ಟು ಮೆತ್ತಗಾಗಿದೆ, ಆದರೆ ಕೆಂಪು ಕಲೆ ಹಾಗೇ ಇದೆ. ಅದಕ್ಕೆ ಔಷಧಿಯೇ ಬೇಕು, ದಯವಿಟ್ಟು ಸುಮ್ನೆ ಕ್ರೀಮ್ ನಂಬಿ ಮುಲಾಮು ನಿಲ್ಲಿಸಬೇಡಿ. ಡಬ್ಬಿಯ ಬಾಯಿ ಅಗಲ, ಬೆರಳು ಹಾಕಬೇಡಿ, ಶುಚಿಯಾದ ಚಮಚದಲ್ಲಿ ತೆಗೆಯಿರಿ. 5ಕ್ಕೆ 4 ಸ್ಟಾರ್.