ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ: ಒಂದು ವರ್ಕ್‌ಶಾಪಿನ ಕೆಲಸದ ಕುರಿತು
ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ನಮ್ಮ ಟ್ರಾಲ್ ಬೋಟಿನ ಆರು ಸಿಲಿಂಡರಿನ ಡೀಸೆಲ್ ಎಂಜಿನನ್ನು ಮಲ್ಪೆ ಬಂದರಿಗೆ ಸಮೀಪದ ಒಂದು ವರ್ಕ್‌ಶಾಪಿಗೆ ಒಪ್ಪಿಸಿದ್ದೆವು. ದಕ್ಕೆಯಲ್ಲಿ ನಿಂತ ಬೋಟಿನ ಎಂಜಿನ್ ಸಲೀಸಾಗಿ ಸ್ಟಾರ್ಟ್ ಆದ ಮಾತ್ರಕ್ಕೆ ರಿಪೇರಿ ಸರಿಯಾಗಿದೆಯೆಂದು ಹೇಳಲಾಗುವುದಿಲ್ಲ. ಆದ್ದರಿಂದ ಮೂರು ತಿಂಗಳು ಅದು ಕಡಲಿನಲ್ಲಿ ದುಡಿದದ್ದನ್ನು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತೊಂದರೆ ಇದ್ದದ್ದು ಎಂಜಿನ್ ಆಯಿಲ್‌ನಲ್ಲಿ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು, ಎಂದರೆ ಅದಕ್ಕೆ ನೀರು ಸೇರುತ್ತಿತ್ತು. ಹಿಂದಿನ ಮೆಕ್ಯಾನಿಕ್ ಎರಡು ಸಲ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗೆ ಸೋರದಂತೆ ಕೂರಿಸುವ ಹಾಳೆ) ಬದಲಿಸಿದ್ದರೂ ಹದಿನೈದು ದಿನ ಕಳೆಯುವುದರೊಳಗೆ ಅದೇ ಬಣ್ಣ ಮರಳುತ್ತಿತ್ತು. ಈ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ನಮ್ಮ ಬೋಟು ನಡೆಸುವ ತಾಂಡೇಲರನ್ನು ಒಂದು ಪ್ರಶ್ನೆ ಕೇಳಿದರು: “ಆಯಿಲ್ ಬೆಳ್ಳಗೆ ಕಂಡದ್ದು ಎಂಜಿನ್ ಓಡುತ್ತಿದ್ದಾಗಲೋ, ರಾತ್ರಿಯಿಡೀ ನಿಂತು ಬೆಳಿಗ್ಗೆ ನೋಡಿದಾಗಲೋ?” ಬೆಳಿಗ್ಗೆ ಎಂಬ ಉತ್ತರ ಬಂದೊಡನೆ ಅವರ ಗಮನ ಹೆಡ್‌ನಿಂದ ಆಯಿಲನ್ನು ತಣಿಸುವ ಆಯಿಲ್ ಕೂಲರ್‌ನ ಕಡೆಗೆ ಹೊರಳಿತು.

ಕಾರಣವನ್ನು ಅವರು ನಮಗೆ ಬಿಡಿಸಿ ಹೇಳಿದರು. ನಮ್ಮ ಎಂಜಿನ್‌ನಲ್ಲಿ ಹೆಡ್ ಮತ್ತು ಲೈನರ್‌ಗಳ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಗಳ) ಸುತ್ತ ಹರಿಯುವುದು ಸಿಹಿನೀರು. ಸಮುದ್ರದ ಉಪ್ಪುನೀರು ಆ ಸಿಹಿನೀರನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್ ಮತ್ತು ಆಯಿಲ್ ಕೂಲರ್‌ಗಳ ಕೊಳವೆಗಳಲ್ಲಿ ಮಾತ್ರ ಹರಿಯುತ್ತದೆ. ಕೂಲರ್‌ನ ಕೊಳವೆ ತೂತಾಗಿದ್ದರೆ, ಎಂಜಿನ್ ಓಡುವಾಗ ಆಯಿಲ್‌ನ ಒತ್ತಡ ಹೆಚ್ಚಿರುವುದರಿಂದ ಆಯಿಲ್ ನೀರಿಗೆ ಸೇರಿ ಹೊರಗೆ ಹೋಗುತ್ತದೆ, ಎಂಜಿನ್ ನಿಂತಾಗ ಆ ಒತ್ತಡ ಇಲ್ಲವಾಗಿ ಕಡಲಿನ ನೀರು ಆಯಿಲ್‌ಗೆ ನುಗ್ಗುತ್ತದೆ. ಆಯಿಲ್ ನಿಲ್ಲುವ ಸಂಪ್‌ನ ತಳದಿಂದ ಇಳಿಸಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಅದಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣದ ಎರಡು ಹನಿ ಬಿಟ್ಟಾಗ ನೀರು ಕೂಡಲೇ ಬೆಳ್ಳಗೆ ಕದಡಿತು. ಅಲ್ಲಿಗೆ ಅದು ಉಪ್ಪುನೀರೆಂಬುದು ನಿಶ್ಚಯವಾಯಿತು. ಎರಡು ಗ್ಯಾಸ್ಕೆಟ್‌ಗಳಿಗೆ ತೆತ್ತ ಹಣ ವ್ಯರ್ಥವಾಗಿತ್ತೆಂಬುದು ನನಗೆ ತಿಳಿದದ್ದು ಆ ಲೋಟವನ್ನು ನೋಡಿದಾಗ.

ಕೂಲರ್ ಬಿಚ್ಚಿ ಗಾಳಿಯ ಒತ್ತಡ ಕೊಟ್ಟು ನೀರಿನಲ್ಲಿ ಮುಳುಗಿಸಿದಾಗ ಮೂರು ಕೊಳವೆಗಳಿಂದ ಗುಳ್ಳೆ ಎದ್ದವು. ತನ್ನನ್ನೇ ಸವೆಸಿಕೊಂಡು ಕೊಳವೆಗಳನ್ನು ಕಾಯಬೇಕಾದ ಸತುವಿನ ಕಡ್ಡಿ ಇರಬೇಕಾದ ಕಡೆ ಹಿತ್ತಾಳೆಯ ಬಿರಡೆಯೊಂದೇ ಉಳಿದಿತ್ತು. ಕಡ್ಡಿಯನ್ನು ಕಾಲಕಾಲಕ್ಕೆ ಬದಲಿಸದೇ ಹೋದದ್ದು ನಮ್ಮದೇ ತಪ್ಪು. ಉಪ್ಪುನೀರು ಬೇರಿಂಗ್‌ಗಳನ್ನು ತಿನ್ನುವುದರಿಂದ ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಬೇರಿಂಗ್‌ಗಳೊಳಗೆ ತಿರುಗುವ ಜರ್ನಲ್‌ಗಳನ್ನೆಲ್ಲ ಮೈಕ್ರೋಮೀಟರಿನಿಂದ ಅಳೆದು, ಕಲೆ ಬಿದ್ದಿದ್ದ ಬೇರಿಂಗ್‌ಗಳನ್ನಷ್ಟೇ ಬದಲಿಸಿದರು. ಲೈನರ್‌ಗಳ ಸವೆತ ಮಿತಿಯಲ್ಲಿದ್ದುದರಿಂದ ಅವನ್ನು ಹಾಗೆಯೇ ಉಳಿಸಿದ ಪ್ರಾಮಾಣಿಕತೆಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಡೀಸೆಲ್ ಸಿಂಪಡಿಸುವ ನಾಜಲ್ ಮತ್ತು ವಾಲ್ವ್‌ಗಳ ಟ್ಯಾಪೆಟ್ ಕೆಲಸವೂ ಅಚ್ಚುಕಟ್ಟಾಗಿತ್ತು.

ಗೇರ್‌ಬಾಕ್ಸ್ ಮತ್ತು ಪ್ರೊಪೆಲ್ಲರ್ ಶಾಫ್ಟ್‌ಗಳ ಜೋಡಣೆಯನ್ನು ಬೋಟು ದಡದ ಮೇಲಿದ್ದಾಗಲೇ ನೋಡಿ ಮುಗಿಸುವ ರೂಢಿ ಹಲವು ಕಡೆ ಇದೆ. ಆದರೆ ಮರದ ಬೋಟು ನೀರಿಗಿಳಿದಾಗ ಅದರ ಮೈ ಸ್ವಲ್ಪ ಬಾಗುತ್ತದೆ. ಇವರು ಬೋಟನ್ನು ಒಂದು ದಿನ ತೇಲಲು ಬಿಟ್ಟು, ಮರುದಿನ ಎರಡನ್ನೂ ಸೇರಿಸುವ ಕಪ್ಲಿಂಗ್‌ನ ಬೋಲ್ಟ್‌ಗಳನ್ನು ಸಡಿಲಿಸಿ, ಅದರ ಎರಡು ಮುಖಗಳ ನಡುವೆ ಫೀಲರ್ ಗೇಜ್ (ಸಂದಿಯ ಅಗಲ ಅಳೆಯುವ ತೆಳು ಪಟ್ಟಿ) ತೂರಿಸಿ ಸುತ್ತಲೂ ಅಳೆದು, ಎಂಜಿನ್ ಕಾಲುಗಳ ಕೆಳಗೆ ತಗಡಿನ ಶಿಮ್‌ಗಳನ್ನಿಟ್ಟು ಸರಿಪಡಿಸಿದರು. ಮೊದಲು ಟ್ರಾಲ್ ಬಲೆ ಎಳೆಯುವಾಗ ವೀಲ್‌ಹೌಸಿನಲ್ಲಿ ಬರುತ್ತಿದ್ದ ನಡುಕ ಈಗ ಇಲ್ಲ. ಶಾಫ್ಟ್ ಬೋಟಿನಿಂದ ಹೊರಗೆ ಹೋಗುವ ಕಡೆಯ ಸ್ಟರ್ನ್ ಗ್ಲ್ಯಾಂಡ್‌ನಲ್ಲಿ ನೀರು ಹನಿಹನಿಯಾಗಿ, ಇರಬೇಕಾದಷ್ಟೇ ಇಳಿಯುತ್ತಿದೆ.

ಎರಡು ದೂರುಗಳಿವೆ. ಕೊಡುತ್ತೇವೆಂದ ದಿನಕ್ಕಿಂತ ಒಂಬತ್ತು ದಿನ ತಡವಾಯಿತು, ಅದನ್ನು ಮುಂಚಿತವಾಗಿ ತಿಳಿಸಲಿಲ್ಲ. ಬಿಲ್ಲಿನಲ್ಲಿ ಕೂಲಿ ಮತ್ತು ಬಿಡಿಭಾಗಗಳನ್ನು ಒಟ್ಟಿಗೆ ಬರೆದಿದ್ದರು, ಕೇಳಿದ ಮೇಲೆ ಬಿಡಿಸಿ ಕೊಟ್ಟರು. ಲೆಕ್ಕದಲ್ಲಿ ವ್ಯತ್ಯಾಸವಿರಲಿಲ್ಲ, ಆದರೂ ಕೇಳುವ ಮೊದಲೇ ಕೊಡಬೇಕಿತ್ತು.

ಹೋಗುವವರು ಜೂನ್ ಮೊದಲ ವಾರದಲ್ಲೇ ಬೋಟು ಒಪ್ಪಿಸುವುದು ಒಳ್ಳೆಯದು, ಏಕೆಂದರೆ ಜುಲೈನಲ್ಲಿ ಅಲ್ಲಿ ಎಂಜಿನ್‌ಗಳ ಸಾಲೇ ಇರುತ್ತದೆ. ಹಳೆಯ ಭಾಗಗಳನ್ನು ಅವರು ಗೋಣಿಚೀಲದಲ್ಲಿ ಕಟ್ಟಿ ಮರಳಿಸುತ್ತಾರೆ. ನಮ್ಮ ತೂತುಬಿದ್ದ ಕೊಳವೆಗಳನ್ನು ಎಂಜಿನ್ ರೂಮಿಗೆ ಹೊಸದಾಗಿ ಬಂದ ಹುಡುಗನಿಗೆ ತೋರಿಸಿ, ಹೊಸ ಸತುವಿನ ಕಡ್ಡಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡುವ ಕೆಲಸವನ್ನು ಅವನಿಗೆ ವಹಿಸಿದ್ದೇವೆ.