ಸೈಟಲ್ಲಿ ಮಾತಾಡೋಕೆ ಯಾವುದು ವಾಸಿ: ಫೋನು, ವಾಕಿಟಾಕಿ, ಸಿಮ್ ಸೆಟ್ಟು, ಇಲ್ಲ ಹೆಲ್ಮೆಟ್ ಹೆಡ್‌ಸೆಟ್ಟು?

ಬಾಕ್ಸ್ ಮೇಲೆ ಇಷ್ಟು ಕಿಲೋಮೀಟರ್ ರೇಂಜ್ ಅಂತ ಬರ್ದಿರ್ತಾರಲ್ಲ, ಮೊದಲು ಅದನ್ನ ಮರ್ತುಬಿಡಿ. ಅದು ಮಧ್ಯ ಏನೂ ಅಡ್ಡ ಇಲ್ದಿರೋ ಬಯಲಿನ ಲೆಕ್ಕ. ನಮಗೆ ಬೇಕಾಗಿರೋದು ಕೆಳಗಿನ ಬೇಸ್ಮೆಂಟಲ್ಲಿ ಲಿಫ್ಟಿಗೆ ತೋಡಿದ ಗುಂಡಿ ಪಕ್ಕ ನಿಂತೋನಿಗೆ ಮೇಲಿನ ಸ್ಲ್ಯಾಬಿಂದ ಕೂಗಿದ್ದು ಕೇಳ್ಸತ್ತಾ ಇಲ್ವಾ ಅಷ್ಟೇ. ಬೇರೆ ಬೇರೆ ಕೆಲಸದಲ್ಲಿ ಈ ಎಲ್ಲಾನೂ ಬಳಸಿದೀನಿ, ಹಾಗಾಗಿ ಅನ್ನಿಸಿದ್ದನ್ನ ಹೇಳ್ತೀನಿ.

ಫೋನಿಂದ ಶುರು ಮಾಡೋಣ, ಯಾಕಂದ್ರೆ ಎಲ್ಲರ ಜೇಬಲ್ಲೂ ಅದಿದೆ, ಓನರ್ ಕೂಡ "ವಾಟ್ಸಾಪ್ ಗ್ರೂಪ್ ಇದ್ಯಲ್ಲ, ಮತ್ತೆ ದುಡ್ಡು ಯಾಕೆ" ಅಂತಾನೇ ಕೇಳೋದು. ಕಾಂಕ್ರೀಟ್ ಹಾಕೋ ಮುಂಚೆ ಕಂಬಿ ಕಟ್ಟಿರೋದರ ಫೋಟೋ, ಟೈಮ್ ಸಮೇತ, ಟೇಪ್ ಹಿಡ್ದು ತೆಗ್ದಿದ್ದು, ಇದನ್ನ ಯಾವ ವಾಕಿಟಾಕಿನೂ ಕೊಡಲ್ಲ. ನಾಳೆ ಜಗಳ ಬಂದ್ರೆ ಉಳ್ಸೋದು ಅದೇ. ಆದ್ರೆ ಗ್ರೂಪಲ್ಲಿ ಡ್ರಾಯಿಂಗ್ ಹಾಕೋದಿದ್ರೆ ಹುಷಾರು, ಹಳೇ ರಿವಿಷನ್ನೂ ಅಲ್ಲೇ ಬಿದ್ದಿರತ್ತೆ, ಯಾರೋ ಮೇಲೆ ಸ್ಕ್ರೋಲ್ ಮಾಡಿ ಅದನ್ನೇ ನೋಡ್ಕೊಂಡು ಕಂಬಿ ಕತ್ತರಿಸ್ತಾರೆ. ಇನ್ನು ಅವಸರದ ಮಾತಿಗೆ ಫೋನು ಸುಮ್ನೆ ದಂಡ. ಗ್ಲೌಸ್ ಬಿಚ್ಚಬೇಕು, ಸಿಮೆಂಟ್ ಕೈಯಲ್ಲಿ ಸ್ಕ್ರೀನ್ ಒತ್ತಬೇಕು, ಕಾಂಕ್ರೀಟ್ ಕೂರಿಸೋ ವೈಬ್ರೇಟರ್ ಸದ್ದಲ್ಲಿ ರಿಂಗ್ ಕೇಳ್ಸಬೇಕು, ಅಷ್ಟಾಗಿ ಎತ್ತಿದ್ರೂ ಕೇಳಿಸಿಕೊಳ್ಳೋನು ಒಬ್ಬನೇ. ಪಂಪ್ ನಿಲ್ಸೋ ಅನ್ನೋದಕ್ಕೆ ರಿಂಗ್ ಆಗೋ ತನಕ ಯಾರು ಕಾಯ್ತಾರೆ?

ಸಾದಾ ಅನಲಾಗ್ ವಾಕಿಟಾಕಿ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಕೋತೀನಿ. ಒತ್ತಿದ್ರೆ ಎಲ್ಲರಿಗೂ ಒಟ್ಟಿಗೆ ಕೇಳತ್ತೆ, ಟವರ್ ಬೇಡ, ನೆಟ್ ಬೇಡ. ಕಟ್ಟಡದ ಕೆಲಸಕ್ಕೆ ಯುಎಚ್‌ಎಫ್ ತಗೊಳ್ಳಿ, ಅಂದ್ರೆ 400 ಮೆಗಾಹರ್ಟ್ಸ್ ಮೇಲಿಂದು, ಅಲೆ ಚಿಕ್ಕದಾಗಿರೋದ್ರಿಂದ ಬಾಗಿಲು, ಕಿಟಕಿ ಸಂದಿಯಲ್ಲಿ ನುಗ್ಗಿ ಗೋಡೆಗೆ ಬಡ್ಕೊಂಡು ಹೇಗೋ ಒಳಗೆ ಬರತ್ತೆ. 136ರಿಂದ 174ರ ವಿಎಚ್‌ಎಫ್ ರಸ್ತೆ, ಕಾಲುವೆ ಥರ ಬಯಲಿನ ಕೆಲಸಕ್ಕೆ ಚೆನ್ನಾಗಿರತ್ತೆ. ಲೈಸೆನ್ಸ್ ರೂಲು ಒಂದೊಂದು ದೇಶಕ್ಕೆ ಒಂದೊಂದು, ಯುರೋಪಲ್ಲಿ ಲೈಸೆನ್ಸ್ ಇಲ್ದೇ ಬಳಸೋ ಪಿಎಂಆರ್ 446 ಸೆಟ್ಟುಗಳಿಗೆ ಅರ್ಧ ವ್ಯಾಟ್ ಮಿತಿ, ಅಂಥದ್ದು ಸಣ್ಣ ಬಿಲ್ಡಿಂಗಿಗೆ ಸಾಕು. ಒಂದು ತಪ್ಪು ತಿಳುವಳಿಕೆ ಮಾತ್ರ ಎಲ್ಲಾ ಕಡೆ ಇದೆ, ಪ್ರೈವಸಿ ಕೋಡ್ ಹಾಕ್ಕೊಂಡ್ರೆ ನಮ್ಮ ಮಾತು ಬೇರೆಯವ್ರಿಗೆ ಕೇಳಲ್ಲ ಅಂತ. ಕೋಡ್ ಮಾಡೋದು ಇಷ್ಟೇ, ಬೇರೆಯವ್ರ ಮಾತು ನಿಮ್ಮ ಸ್ಪೀಕರಲ್ಲಿ ಬರದ ಹಾಗೆ ಮುಚ್ಚತ್ತೆ. ನಿಮ್ಮ ಮಾತು ಅವ್ರು ಆರಾಮಾಗಿ ಕೇಳ್ಬಹುದು, ಚಾನೆಲ್ಲನ್ನೂ ಹಂಚ್ಕೊಂಡೇ ಇರ್ತೀರಿ.

ಡಿಜಿಟಲ್ ವಾಕಿಟಾಕಿ ಅಂದ್ರೆ ಸಾಮಾನ್ಯವಾಗಿ ಡಿಎಂಆರ್, ಅಂದ್ರೆ ಡಿಜಿಟಲ್ ಮೊಬೈಲ್ ರೇಡಿಯೋ. 12.5 ಕಿಲೋಹರ್ಟ್ಸಿನ ಒಂದೇ ಚಾನೆಲ್ಲನ್ನ ಸಮಯ ಹಂಚಿ ಎರಡು ಸ್ಲಾಟ್ ಮಾಡತ್ತೆ, ಸಿಗ್ನಲ್ ಹಿಡ್ದು ಮತ್ತೆ ಜೋರಾಗಿ ಕಳ್ಸೋ ರಿಪೀಟರ್ ಒಂದಿದ್ರೆ ಸೆಂಟ್ರಿಂಗ್‌ನೋರು ಒಂದರಲ್ಲಿ ಪ್ಲಂಬಿಂಗ್‌ನೋರು ಇನ್ನೊಂದರಲ್ಲಿ ಒಂದೇ ಟೈಮಲ್ಲಿ ಮಾತಾಡ್ಬಹುದು, ಬ್ಯಾಟರಿನೂ ಉಳಿಯತ್ತೆ. ದೊಡ್ಡ ಸೈಟಿಗೆ ಇದೇ ಸರಿ. ಆದ್ರೆ ಅನಲಾಗಲ್ಲಿ ಸಿಗ್ನಲ್ ಕಮ್ಮಿ ಆಗ್ತಾ ಹೋದ್ರೆ ಸೊರ್ರ್ ಅನ್ನೋ ಸದ್ದು ಜಾಸ್ತಿ ಆಗ್ತಾ ಹೋಗತ್ತೆ, ಇನ್ನೇನು ಕಟ್ ಆಗತ್ತೆ ಅಂತ ಗೊತ್ತಾಗತ್ತೆ. ಡಿಜಿಟಲ್ಲಲ್ಲಿ ಕೊನೇ ತನಕ ಚೊಕ್ಕ, ಆಮೇಲೆ ಎರಡು ಕ್ಷಣ ರೋಬೋ ಥರ ಗೊರಗೊರ, ಅಷ್ಟೇ, ಮುಗೀತು. ಕಾಂಕ್ರೀಟ್ ಒಡೆಯೋ ಬ್ರೇಕರ್ ಪಕ್ಕ ನಿಂತು ಮಾತಾಡಿದ್ರೂ ಮಾತು ಮುರಿಯತ್ತೆ, ಮೈಕಿಗೆ ಕೈ ಅಡ್ಡ ಹಿಡೀಬೇಕು.

ಇದು ಯಾಕೆ ಮುಖ್ಯ ಅಂದ್ರೆ ಕ್ರೇನು. ಟವರ್ ಕ್ರೇನ್ ಆಪರೇಟರಿಗೆ ಲೋಡ್ ಇಳಿಯೋ ಜಾಗ ಕಾಣ್ದಿದ್ದಾಗ ಕೆಳಗಿರೋ ಸಿಗ್ನಲ್‌ಮ್ಯಾನ್ ಧ್ವನಿನೇ ಅವನ ಕಣ್ಣು. "ಇಳ್ಸು, ಇಳ್ಸು, ಎರಡು ಮೀಟ್ರು, ಒಂದು, ಅರ್ಧ, ನಿಧಾನ ನಿಧಾನ, ನಿಲ್ಸು" ಅಂತ ಬಿಡ್ದೆ ಹೇಳ್ತಾನೇ ಇರ್ಬೇಕು, ಧ್ವನಿ ನಿಂತ್ರೆ ಆಪರೇಟರ್ ಲೋಡನ್ನ ಅಲ್ಲೇ ನಿಲ್ಲಿಸ್ಬೇಕು. ಅಮೆರಿಕದ ಕೆಲಸದ ಸುರಕ್ಷತೆ ಇಲಾಖೆ ಓಶಾದ ರೂಲ್ 1926.1420ರಲ್ಲಿ ಈ ಸಿಗ್ನಲ್ಲಿಗೆ ಬೇರೆ ಚಾನೆಲ್ ಇರ್ಬೇಕು, ಆಪರೇಟರ್ ಕೈ ಬಳಸ್ದೆ ಕೇಳೋ ಹಾಗಿರ್ಬೇಕು ಅಂತ ಇದೆ, ಯಾವ ದೇಶ ಆದ್ರೂ ಇದನ್ನ ಪಾಲಿಸೋದು ಒಳ್ಳೇದು. ಊಟ ಬಂತಾ ಅಂತ ಕೇಳೋ ಚಾನೆಲ್ಲಲ್ಲಿ ಕ್ರೇನ್ ಓಡಿಸೋರನ್ನ ನೋಡಿದ್ರೆ ನನಗೆ ಕೈಕಾಲು ನಡುಗತ್ತೆ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡ್ಬೇಕು, ಮಾತು ಪೂರ್ತಿ ಮುಗಿದ ಮೇಲೇ ಬಿಡ್ಬೇಕು, ಆತುರಕ್ಕೆ ಬೇಗ ಬಿಟ್ರೆ "ಎತ್ತಬೇಡ" ಅನ್ನೋದು ಬರೀ "ಎತ್ತ" ಅಂತ ಹೋಗತ್ತೆ. ಅದಕ್ಕೆ ರೇಡಿಯೋದಲ್ಲಿ ಬೇಡ ಅನ್ನೋ ಮಾತೇ ಇಲ್ಲ, ನಿಲ್ಸು ಅನ್ನಿ ಅಂತ ಹುಡುಗ್ರಿಗೆ ಮೊದಲೇ ಹೇಳಿರ್ತೀನಿ.

ಸಿಮ್ ಹಾಕೋ ಪಿಟಿಟಿ (ಒತ್ತಿ ಮಾತಾಡೋ) ಸೆಟ್ಟು ನೋಡೋಕೆ ವಾಕಿಟಾಕಿ ಥರಾನೇ, ಮಾತು ಮಾತ್ರ ಮೊಬೈಲ್ ನೆಟ್‌ವರ್ಕಲ್ಲಿ ಹೋಗತ್ತೆ. ದೂರ ಅನ್ನೋದೇ ಇಲ್ಲ, ರೆಡಿಮಿಕ್ಸ್ ಗಾಡಿ ಎಲ್ಲಿದೆ ಅಂತ ಜಿಪಿಎಸ್ಸಲ್ಲಿ ನೋಡ್ಕೊಂಡೇ ಮಾತಾಡ್ಬಹುದು, ಎರಡು ಮೂರು ಸೈಟ್ ನೋಡ್ಕೊಳ್ಳೋರಿಗೆ ವರದಾನ. ತೊಂದರೆ ಏನಪ್ಪಾ ಅಂದ್ರೆ ಒತ್ತಿದ ಮೇಲೆ ಆ ಕಡೆ ಕೇಳೋಕೆ ಸ್ವಲ್ಪ ತಡ ಆಗತ್ತೆ, ನೆಟ್‌ವರ್ಕ್ ತುಂಬಿದ್ರೆ ಇನ್ನೂ ಜಾಸ್ತಿ, ಬೇಸ್ಮೆಂಟಲ್ಲಂತೂ ಅದು ಬರೀ ತೂಕದ ಕಲ್ಲು. ಗೇಟು, ಸ್ಟೋರು, ಗಾಡಿಗಳಿಗೆ ಕೊಡಿ, ಕ್ರೇನಿನ ಹತ್ರ ಮಾತ್ರ ಸುಳಿಯೋಕೆ ಬಿಡ್ಬೇಡಿ.

ಹೆಲ್ಮೆಟ್ಟಿಗೆ ಹಾಕೋ ಮೆಶ್ (ಟವರ್ ಇಲ್ದೆ ಒಂದಕ್ಕೊಂದು ನೇರ ಜೋಡಿಸ್ಕೊಳ್ಳೋ) ಹೆಡ್‌ಸೆಟ್ಟು ಕೊಂಡ್ರೆ ದುಬಾರಿ, ಬಳಸಿದ್ರೆ ಬಿಡೋಕಾಗಲ್ಲ. ಬಟನ್ನೇ ಇಲ್ಲ, ಇಬ್ಬರೂ ಒಟ್ಟಿಗೆ ಮಾತಾಡ್ಬಹುದು, ಕಿವಿ ಮುಚ್ಚಿರೋದ್ರಿಂದ ಸದ್ದಿಂದ ರಕ್ಷಣೆ ಬೇರೆ. ಪಂಪಿನ ಪೈಪ್ ಹಿಡ್ಯೋನು, ಬೂಮ್ ಆಪರೇಟರ್, ಸ್ಲ್ಯಾಬ್ ಮೇಲಿನ ಮೇಸ್ತ್ರಿ, ಇಂಥ ಸಣ್ಣ ಗುಂಪಿಗೆ ಇದರಷ್ಟು ಸಲೀಸು ಬೇರೆ ಇಲ್ಲ. ಗುಂಪು ದೊಡ್ಡದಾದ್ರೆ ಎಲ್ಲರೂ ಒಟ್ಟಿಗೆ ಮಾತಾಡಿ ಸಂತೆ ಆಗತ್ತೆ. ರಿವರ್ಸ್ ಬರೋ ಗಾಡಿ ಬೀಪ್ ಕೇಳ್ಸೋ ಹಾಗೆ ಹೊರಗಿನ ಸದ್ದು ಒಳಗೆ ಬಿಡೋ ಮಾಡೆಲ್ಲೇ ತಗೊಳ್ಳಿ.

ಬಂಡೆ ಸಿಡಿಸೋ ಕೆಲಸ ಇದ್ರೆ ಇದೆಲ್ಲಾ ಬದಿಗಿಡಿ. ಎಲೆಕ್ಟ್ರಿಕ್ ಡಿಟೋನೇಟರ್ ಹತ್ರ ರೇಡಿಯೋ, ಫೋನು ಯಾವುದನ್ನೂ ಒಯ್ಯೋ ಹಾಗಿಲ್ಲ, ಎಷ್ಟು ದೂರ ಅಂತ ಬ್ಲಾಸ್ಟರ್ ಹೇಳಿದ್ದೇ ಅಂತಿಮ.

ನನ್ನ ಕೈಗೆ ದುಡ್ಡು ಕೊಟ್ರೆ ಮೊದಲು ಕ್ರೇನಿಗೆ ಎರಡು ಒಳ್ಳೇ ಯುಎಚ್‌ಎಫ್ ಸೆಟ್ಟು, ಆಪರೇಟರಿಗೆ ಹೆಡ್‌ಸೆಟ್ ಸಮೇತ, ಆಮೇಲೆ ಮಿಕ್ಕವ್ರಿಗೆ. ಬೇಸ್ಮೆಂಟ್ ಎರಡು ಲೆವೆಲ್ ದಾಟಿದ್ರೆ ಡಿಎಂಆರ್ ಮತ್ತೆ ರಿಪೀಟರ್. ಸೆಟ್ಟಿಗೆ ಐಪಿ67 ಅನ್ನೋ ಧೂಳು-ನೀರಿನ ರೇಟಿಂಗ್ ಇರ್ಲಿ, ಧೂಳು ನುಗ್ಗಲ್ಲ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ರೂ ತಡ್ಕೊಳ್ಳತ್ತೆ. ಬ್ಯಾಟರಿ ಗಂಟೆ ಲೆಕ್ಕ ಹಾಕೋದು ಸಾಮಾನ್ಯವಾಗಿ 5-5-90ರ ಮೇಲೆ, ಅಂದ್ರೆ ನೂರಲ್ಲಿ ಐದು ಪಾಲು ಮಾತು, ಐದು ಕೇಳೋದು, ತೊಂಬತ್ತು ಸುಮ್ನೆ ಇರೋದು. ಸ್ಲ್ಯಾಬ್ ಹಾಕೋ ದಿನ ಯಾರೂ ಸುಮ್ನೆ ಇರಲ್ಲ, ಸೆಟ್ಟಿಗೊಂದು ಎಕ್ಸ್‌ಟ್ರಾ ಬ್ಯಾಟರಿನೂ ಅದೇ ಬಿಲ್ಲಲ್ಲಿ ಸೇರಿಸಿ ತಗೊಂಡ್ಬಿಡಿ.