ಫಿಂಗರ್ ಜಾಯಿಂಟ್ ಕಟ್ಟರ್: ಕಾರ್ಬೈಡ್ ಹಲ್ಲಿನೊಂದಿಗೆ ನಾಲ್ಕು ವರ್ಷ

ಪುತ್ತೂರಿನ ಬಳಿಯ ನಮ್ಮ ಸಣ್ಣ ಘಟಕದಲ್ಲಿ ರಬ್ಬರ್ ಮರದ ತುಂಡುಗಳನ್ನು ಫಿಂಗರ್ ಜಾಯಿಂಟ್ ಮಾಡಿ, ಅಂದರೆ ತುದಿಗಳಲ್ಲಿ ಬೆರಳುಗಳಂತೆ ಕೊರೆದು ಒಂದರೊಳಗೊಂದು ಸೇರಿಸಿ, ಹಲಗೆ ಕಟ್ಟುತ್ತೇವೆ. ಆಗಾಗ ತೇಗದ ಕೆಲಸವೂ ಬರುತ್ತದೆ. ನಾಲ್ಕು ವರ್ಷಗಳ ಹಿಂದೆ ಹೀಗೆ ಕೊರೆಯುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕಿನ) ಕಟ್ಟರ್ ಬಿಟ್ಟು, ಉಕ್ಕಿಗಿಂತ ಗಡುಸಾದ ಕಾರ್ಬೈಡ್ ಹಲ್ಲಿನ ಸೆಟ್ ಕೊಂಡೆ. ಕೆಲಸಗಾರರು ಇದನ್ನು ಈಗಲೂ ‘ವಿಡಿಯಾ’ ಎಂದೇ ಕರೆಯುತ್ತಾರೆ. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ, ‘ವಜ್ರದಂತೆ’ ಎಂಬರ್ಥದ ಮಾತನ್ನು ಮೊಟಕುಗೊಳಿಸಿ ಇಟ್ಟ ಹೆಸರು ಅದು.

ಬದಲಾಯಿಸಲು ಕಾರಣ ತೇಗ. ಅದರೊಳಗಿನ ಸಿಲಿಕಾ ಉಕ್ಕಿನ ಅಲಗನ್ನು ಮರಳು ಕಾಗದದಂತೆ ಸವೆಸುತ್ತದೆ. ಬೆಳಿಗ್ಗೆ ಸಾಣೆ ಹಿಡಿದ ಎಚ್‌ಎಸ್‌ಎಸ್ ಸಂಜೆಯೊಳಗೆ ಮರವನ್ನು ಕೊರೆಯುವ ಬದಲು ಸುಡತೊಡಗುತ್ತಿತ್ತು. ಕಾರ್ಬೈಡ್ ಅದೇ ಮರದಲ್ಲಿ ವಾರಗಟ್ಟಲೆ ಕೆಲಸ ಮಾಡಿತು, ಬೆರಳುಗಳು ಕೈಯಿಂದ ಒತ್ತಿದರೆ ಸಾಕು ಎನ್ನುವಷ್ಟು ಚೊಕ್ಕವಾಗಿ ಕೂತವು.

ಶನಿವಾರ ಸಂಜೆ ಸೆಟ್ ಬಿಚ್ಚಿ, ಹಲ್ಲುಗಳಿರುವ ಬಿಲ್ಲೆಗಳನ್ನು ಒಂದೊಂದಾಗಿ ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಸಿ, ಹಲ್ಲಿನ ಹಿಂಬದಿಗೆ ಅಂಟಿದ ಮರದ ಕಂದು ಮೇಣವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಮೇಣ ಹೋದ ಮೇಲೆ ಎಷ್ಟೋ ಸಲ ‘ಮೊಂಡಾಗಿದೆ’ ಎಂದುಕೊಂಡ ಹಲ್ಲು ಮೊಂಡಾಗಿರುವುದೇ ಇಲ್ಲ. ಬಿಲ್ಲೆಗಳನ್ನು ಕಬ್ಬಿಣದ ಮೇಜಿನ ಮೇಲಿಡದೆ ಗೋಣಿಯ ಮೇಲಿಡುತ್ತೇನೆ.

ಆ ಎಚ್ಚರವನ್ನು ಒಂದು ದಿನ ಮರೆತದ್ದಕ್ಕೆ ಬೆಲೆ ತೆತ್ತೆ. ಕೈ ಜಾರಿದ ಸ್ಪ್ಯಾನರ್ ತಗುಲಿ ಒಂದೇ ಹಲ್ಲಿನ ಮೂಲೆಯಿಂದ ಅಕ್ಕಿಕಾಳಿನಷ್ಟು ಚಕ್ಕೆ ಹಾರಿತು. ಚಕ್ಕೆ ಹಾರಿದ ಕಡೆ ಮರ ಉಬ್ಬಿ ಉಳಿದು, ಎಷ್ಟು ಒತ್ತಿದರೂ ಜಾಯಿಂಟ್ ಮುಚ್ಚಲಿಲ್ಲ. ಆ ಹಲ್ಲನ್ನು ಮಾತ್ರ ತೀಡಿದರೆ ಅದು ತಿರುಗುವ ಸುತ್ತು ಉಳಿದವಕ್ಕಿಂತ ಕಿರಿದಾಗುವುದರಿಂದ, ಇಡೀ ಸೆಟ್ಟನ್ನೇ ಮುಖದ ಕಡೆಯಿಂದ ಸಮನಾಗಿ ಸವೆಸಬೇಕು, ಅದಕ್ಕೆ ವಜ್ರದ ಚಕ್ರ ಬೇಕು, ಆ ಚಕ್ರ ನಮ್ಮ ಊರಿನಲ್ಲಿಲ್ಲ. ಕಳುಹಿಸಿದ ಸೆಟ್ ಮರಳಿ ಬರಲು ಹನ್ನೆರಡು ದಿನ ಹಿಡಿಯಿತು. ಒಂದು ಹಲ್ಲಿನ ತಪ್ಪಿಗೆ ಎಲ್ಲ ಹಲ್ಲುಗಳ ಆಯುಷ್ಯವೂ ಕಡಿಮೆಯಾಯಿತು. ಅಂಗಡಿಯವರು ಗಡಸುತನದ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದರು, ಸಾಣೆ ಎಲ್ಲಿ ಎಂಬುದನ್ನು ನಾನೂ ಕೇಳಿರಲಿಲ್ಲ.

ಪಿಸಿಡಿ, ಅಂದರೆ ವಜ್ರದ ಹಲ್ಲು, ಹಗಲಿರುಳು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಕೊರೆಯುವ ದೊಡ್ಡ ಕಾರ್ಖಾನೆಗೆ ಸರಿ. ಅದರ ಬೆಲೆ ನನ್ನ ಕೈಗೆಟುಕದು. ಹಳೆಯ ಮರದಲ್ಲಿ ಅಡಗಿದ ಒಂದು ಮೊಳೆ ಅದನ್ನು ಹಾಳುಮಾಡಲು ಸಾಕು.

ಆ ಹನ್ನೆರಡು ದಿನ ಕೈಹಿಡಿದದ್ದು, ಮಾರದೆ ಎಣ್ಣೆ ಹಚ್ಚಿಟ್ಟಿದ್ದ ಹಳೆಯ ಎಚ್‌ಎಸ್‌ಎಸ್ ಸೆಟ್. ರಬ್ಬರ್ ಮರ ತೇಗದಷ್ಟು ಕಾಡುವುದಿಲ್ಲ. ನಮ್ಮದೇ ಬಿಳಿ ಸಾಣೆಕಲ್ಲಿನಲ್ಲಿ ದಿನವೂ ಬೆಳಿಗ್ಗೆ ತೀಡಿಕೊಂಡು ಆರ್ಡರ್ ಮುಗಿಸಿದೆವು. ಈಗ ಕಾರ್ಬೈಡ್ ಮತ್ತೆ ಸ್ಪಿಂಡಲ್ ಮೇಲಿದೆ; ಎರಡನೆಯ ಕಾರ್ಬೈಡ್ ಸೆಟ್ಟಿಗೆ ತಿಂಗಳು ತಿಂಗಳು ಹಣ ಎತ್ತಿಡುತ್ತಿದ್ದೇನೆ.